ಹಸುವಿನ ಕೊಟ್ಟಿಗೆಯಲ್ಲಿ ಅಮೋನಿಯಾ: ದೋಷದ ಮೂಲ ಪತ್ತೆ ಹಚ್ಚಿ ಸರಿಪಡಿಸುವ ಕ್ರಮ

ಬೆಳಗಿನ ಹಾಲು ಕರೆಯಲು ಬಾಗಿಲು ತೆರೆದ ಕೂಡಲೇ ಕಣ್ಣು ಉರಿಯುವುದು, ಕರುಗಳ ಕಣ್ಣಿನಿಂದ ಸದಾ ನೀರು ಸೋರುವುದು, ಮಳೆಗಾಲದಲ್ಲಿ ಒಂದರ ಹಿಂದೆ ಒಂದು ಕರು ಕೆಮ್ಮತೊಡಗುವುದು, ತಿಪ್ಪೆ ಕೆದಕಿದಾಗ ಮೂಗು ಮುಚ್ಚಿಕೊಳ್ಳಬೇಕಾಗುವುದು, ಗಾಡಿಗಟ್ಟಲೆ ಗೊಬ್ಬರ ಹಾಕಿದರೂ ಹೊಲ ಮತ್ತೆ ಯೂರಿಯಾ ಕೇಳುವುದು: ಇವು ಬೇರೆ ಬೇರೆ ತೊಂದರೆಗಳಂತೆ ಕಂಡರೂ ಹಲವು ಸಲ ಒಂದೇ ದೋಷದ ಲಕ್ಷಣಗಳಾಗಿರುತ್ತವೆ. ಹಣ ಕೊಟ್ಟು ತಂದ ಹಿಂಡಿ ಮತ್ತು ಮೇವಿನಲ್ಲಿದ್ದ ಸಾರಜನಕವು ಹಾಲಿಗೂ ಸೇರದೆ, ಗೊಬ್ಬರದಲ್ಲೂ ನಿಲ್ಲದೆ, ಅಮೋನಿಯಾ ಅನಿಲವಾಗಿ ಗಾಳಿಯ ಪಾಲಾಗುತ್ತಿದೆ ಎಂಬುದೇ ಆ ದೋಷ. ಹಾಗೆ ಹೋದ ಅಮೋನಿಯಾ ವಾತಾವರಣದಲ್ಲಿರುವ ಗಂಧಕಾಮ್ಲ ಮತ್ತು ನೈಟ್ರಿಕ್ ಆಮ್ಲಗಳೊಡನೆ ಸೇರಿ ಉಸಿರಿನೊಳಗೆ ಆಳಕ್ಕಿಳಿಯುವ ಸೂಕ್ಷ್ಮ ಕಣಗಳಾಗುತ್ತದೆ. ನಮ್ಮ ದೇಶದ 2009ರ ಗಾಳಿ ಗುಣಮಟ್ಟದ ಮಾನದಂಡಗಳಲ್ಲಿ ಅಮೋನಿಯಾಕ್ಕೂ ಮಿತಿ ಇರುವುದು ಆಶ್ಚರ್ಯವಲ್ಲ. ಒಂದು ಘನ ಮೀಟರ್ ಗಾಳಿಯಲ್ಲಿ 24 ಗಂಟೆಗಳ ಸರಾಸರಿ 400 ಮೈಕ್ರೋಗ್ರಾಂ ಮತ್ತು ವರ್ಷದ ಸರಾಸರಿ 100 ಮೈಕ್ರೋಗ್ರಾಂ ಮೀರಬಾರದು ಎಂಬುದು ಆ ಮಿತಿ.

ಈ ಬರಹವು ಐದರಿಂದ ಮೂವತ್ತು ಮಿಶ್ರತಳಿ ಹಸುಗಳಿರುವ, ಸಿಮೆಂಟ್ ನೆಲದ, ಮೇಲೆ ಹೆಂಚು ಅಥವಾ ಶೀಟು ಹೊದಿಸಿದ, ಪಕ್ಕದಲ್ಲೇ ಗೊಬ್ಬರದ ಗುಂಡಿ ಇರುವ ಕರ್ನಾಟಕದ ಸಾಮಾನ್ಯ ಹೈನುಮನೆಗಳಿಗೆ ಹೊಂದುತ್ತದೆ. ಕೋಲಾರದಲ್ಲಿ ಒಂದು ಬಗೆಯ, ಮಂಡ್ಯ ಮತ್ತು ಹಾಸನಗಳಲ್ಲಿ ಇನ್ನೊಂದು ಬಗೆಯ, ಶಿರಸಿ ಮತ್ತು ಸಾಗರಗಳ ಕಡೆ ಮತ್ತೊಂದು ಬಗೆಯ ಕೊಟ್ಟಿಗೆಗಳಿದ್ದರೂ ದೋಷ ಹುಡುಕುವ ಕ್ರಮ ಒಂದೇ.

ಅನಿಲ ಹುಟ್ಟುವ ಬಗೆ

ಗಂಜಲದಲ್ಲಿರುವ ಸಾರಜನಕದ ಬಹುಪಾಲು ಯೂರಿಯಾ ರೂಪದಲ್ಲಿರುತ್ತದೆ, ಮತ್ತು ಯೂರಿಯಾ ತಾನಾಗಿ ಗಾಳಿಗೆ ಏಳುವ ವಸ್ತುವಲ್ಲ. ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯೇಸ್ ಎಂಬ ಕಿಣ್ವವನ್ನು ಉತ್ಪಾದಿಸುತ್ತವೆ. ಗಂಜಲವು ಸಗಣಿಯನ್ನು, ಅಥವಾ ಸಗಣಿಯ ಪಸೆ ಹಿಡಿದ ನೆಲವನ್ನು ಮುಟ್ಟಿದಾಗ ಈ ಕಿಣ್ವವು ಕೆಲವೇ ಗಂಟೆಗಳಲ್ಲಿ ಯೂರಿಯಾವನ್ನು ಒಡೆದು ಅಮೋನಿಯಾವನ್ನು ಬಿಡಿಸುತ್ತದೆ. ಹಾಗೆ ಬಿಡುಗಡೆಯಾದದ್ದರಲ್ಲಿ ಎಷ್ಟು ಪಾಲು ನೀರಿನಲ್ಲೇ ಅಮೋನಿಯಂ ಆಗಿ ಉಳಿಯುತ್ತದೆ, ಎಷ್ಟು ಅನಿಲವಾಗಬಲ್ಲ ರೂಪಕ್ಕೆ ಬರುತ್ತದೆ ಎಂಬುದನ್ನು ರಸಸಾರ, ಅಂದರೆ ಪಿಎಚ್, ಬಹುಮಟ್ಟಿಗೆ ನಿರ್ಧರಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಪಿಎಚ್ 7 ಇದ್ದರೆ ಅನಿಲವಾಗಬಲ್ಲ ಭಾಗ ನೂರಕ್ಕೆ ಒಂದೂ ಇರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ಅದು ನೂರಕ್ಕೆ ಸುಮಾರು 5 ಆಗುತ್ತದೆ. 9ಕ್ಕೆ ಏರಿದರೆ ಮೂರನೇ ಒಂದು ಭಾಗವನ್ನೂ ದಾಟುತ್ತದೆ. ಬಿಸಿಲು, ಬೀಸುಗಾಳಿ ಮತ್ತು ತೆಳುವಾಗಿ ಹರಡಿದ ಒದ್ದೆ ಮೇಲ್ಮೈ ಈ ಮೂರೂ ಸೇರಿದರೆ ಅದು ಬೇಗನೆ ಗಾಳಿಗೆ ಏಳುತ್ತದೆ.

ಮುಂದೆ ಹೇಳುವ ಪ್ರತಿಯೊಂದು ತಪಾಸಣೆಯೂ ಇಷ್ಟರ ಮೇಲೆಯೇ ನಿಂತಿದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡಬೇಕು: ಕೊಟ್ಟಿಗೆಯೊಳಗಿನ ಘಾಟು ಕಡಿಮೆಯಾಗುವುದೂ ಅಮೋನಿಯಾ ನಷ್ಟ ಕಡಿಮೆಯಾಗುವುದೂ ಬೇರೆ ಬೇರೆ ವಿಷಯಗಳು. ಫ್ಯಾನು ಹಾಕಿ ಅನಿಲವನ್ನು ಹೊರಗೆ ಅಟ್ಟಿದರೆ ಹಸುವಿನ ಉಸಿರಾಟಕ್ಕೆ ಒಳ್ಳೆಯದಾಗುತ್ತದೆ, ಆದರೆ ಹೋಗುವ ಸಾರಜನಕ ಹೋಗಿಯೇ ಹೋಗುತ್ತದೆ. ಹಾಗೆಯೇ ನೆಲದ ಮೇಲೆ ಉಳಿಸಿಕೊಂಡ ಅಮೋನಿಯಾವನ್ನು ತೆರೆದ ಗುಂಡಿಯಲ್ಲಿ ಕಳೆದುಕೊಂಡರೆ, ಅಥವಾ ಗುಂಡಿಯಲ್ಲಿ ಕಾಪಾಡಿದ್ದನ್ನು ಹೊಲದ ಬಿಸಿಲಿನಲ್ಲಿ ಹರಡಿ ಕಳೆದುಕೊಂಡರೆ, ಪಟ್ಟ ಶ್ರಮವೆಲ್ಲ ನಷ್ಟದ ಜಾಗವನ್ನು ಬದಲಿಸಿದ್ದಕ್ಕಷ್ಟೇ ಸಮ. ಗೋದಲಿ, ನೆಲ, ಗುಂಡಿ, ಹೊಲ ಈ ನಾಲ್ಕನ್ನೂ ಒಂದೇ ಸರಪಳಿಯಾಗಿ ಪರೀಕ್ಷಿಸಬೇಕು.

ಇದು ಅಮೋನಿಯಾವೇ ಎಂದು ಖಚಿತಪಡಿಸಿಕೊಳ್ಳುವುದು

ಕೊಟ್ಟಿಗೆಯ ಕೆಟ್ಟ ವಾಸನೆಯೆಲ್ಲ ಅಮೋನಿಯಾ ಅಲ್ಲ. ಅಮೋನಿಯಾದ ಘಾಟು ಕಣ್ಣು ಮೂಗುಗಳನ್ನು ಚುಚ್ಚುತ್ತದೆ. ಹುಳಿ ನಾತ ಬರುತ್ತಿದ್ದರೆ ಕೆಟ್ಟ ರಸಮೇವನ್ನೋ (ಸೈಲೇಜ್) ಗೋದಲಿಯಲ್ಲಿ ಉಳಿದು ಹುದುಗಿದ ಕಲಗಚ್ಚನ್ನೋ ನೋಡಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಮುಚ್ಚಿದ ಗುಂಡಿಯಲ್ಲಿ ನಿಂತ ಬಗ್ಗಡವನ್ನು, ಅಂದರೆ ಸಗಣಿ ಮತ್ತು ಗಂಜಲ ಕಲಸಿದ ನೀರನ್ನು, ಕಲಕಿದಾಗ ಒಮ್ಮೆಲೇ ಹೊರಬರುವ ಈ ಅನಿಲ ಪ್ರಾಣಾಪಾಯಕಾರಿ. ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಗ್ರಹಿಕೆಯನ್ನೇ ಕೊಲ್ಲುವುದರಿಂದ ವಾಸನೆ ನಿಂತಿತೆಂದರೆ ಅಪಾಯ ನಿಂತಿತು ಎಂದಲ್ಲ. ತಪಾಸಣೆಗೆಂದಾಗಲಿ, ಬಿದ್ದವರನ್ನು ಎತ್ತಲೆಂದಾಗಲಿ ಬಗ್ಗಡದ ಗುಂಡಿಗೆ ಯಾರೂ ಇಳಿಯಬಾರದು.

ಅಮೋನಿಯಾವನ್ನು ಗುರುತಿಸಲು ಔಷಧ ಮತ್ತು ರಾಸಾಯನಿಕ ಮಳಿಗೆಗಳಲ್ಲಿ ಸಿಗುವ ಪಿಎಚ್ ಪಟ್ಟಿ ಅಥವಾ ಕೆಂಪು ಲಿಟ್ಮಸ್ ಕಾಗದ ಸಾಕು. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಅದನ್ನು ಒದ್ದೆ ಮಾಡಿ, ಏನನ್ನೂ ಮುಟ್ಟಿಸದೆ ಗಾಳಿಯಲ್ಲಿ ಅರ್ಧ ನಿಮಿಷ ಹಿಡಿದರೆ, ಅಮೋನಿಯಾ ಇದ್ದಲ್ಲಿ ಲಿಟ್ಮಸ್ ನೀಲಿಯಾಗುತ್ತದೆ, ಪಿಎಚ್ ಪಟ್ಟಿಯ ಬಣ್ಣ ಕ್ಷಾರದ ಕಡೆಗೆ ಸರಿಯುತ್ತದೆ. ಇದರಿಂದ ನಿಖರ ಪ್ರಮಾಣ ತಿಳಿಯುವುದಿಲ್ಲ. ಕರುಗಳ ಮೂಲೆಗೂ ಬಾಗಿಲಿಗೂ, ಇಂದಿಗೂ ಹದಿನೈದು ದಿನಗಳ ಬಳಿಕಕ್ಕೂ ಇರುವ ವ್ಯತ್ಯಾಸ ಮಾತ್ರ ತಿಳಿಯುತ್ತದೆ. ದೋಷ ಹುಡುಕುವ ಕೆಲಸಕ್ಕೆ ಅಷ್ಟು ಸಾಕು. ಅಂಕಿ ಬೇಕೆನ್ನುವ ದೊಡ್ಡ ಹೈನುಮನೆಗಳು ಗಾಳಿ ಎಳೆಯುವ ಸೂಚಕ ನಳಿಕೆಯನ್ನೋ ವಿದ್ಯುನ್ಮಾನ ಮಾಪಕವನ್ನೋ ಬಳಸಬಹುದು. ದಿನದ ಕೆಲಸದ ಅವಧಿಯ ಸರಾಸರಿಗೆ ಹತ್ತು ಲಕ್ಷಕ್ಕೆ 25 ಭಾಗ ಎಂಬುದು ಕೆಲಸಗಾರರ ಆರೋಗ್ಯದ ದೃಷ್ಟಿಯಿಂದ ವ್ಯಾಪಕವಾಗಿ ಬಳಕೆಯಲ್ಲಿರುವ ಮಿತಿ. ದಿನವೂ ಅಲ್ಲೇ ದುಡಿಯುವವರ ಮೂಗು ಈ ಘಾಟಿಗೆ ಒಗ್ಗಿಹೋಗಿರುತ್ತದೆ. ಆದ್ದರಿಂದ ಮನೆಯವರು ಏನೂ ವಾಸನೆ ಇಲ್ಲ ಎಂದದ್ದನ್ನು ಸಾಕ್ಷಿಯಾಗಿ ತೆಗೆದುಕೊಳ್ಳದಿರುವುದು ಒಳ್ಳೆಯದು.

ಕೊಟ್ಟಿಗೆಯ ಹೊರಗಿನ ಮೂಲಗಳನ್ನೂ ಈ ಹಂತದಲ್ಲೇ ತಳ್ಳಿಹಾಕಿಕೊಳ್ಳಬೇಕು. ತೋಟಕ್ಕೆಂದು ತಂದು ಪಕ್ಕದಲ್ಲಿ ಸುರಿದ ಕೋಳಿ ಗೊಬ್ಬರ ಒಂದು ಮಳೆಗೆ ನೆಂದರೆ ಹಸುಗಳಿಗಿಂತ ಹೆಚ್ಚು ಅಮೋನಿಯಾ ಬಿಡಬಲ್ಲದು. ಯೂರಿಯಾ ಉಪಚರಿಸಿದ ಹುಲ್ಲಿನ ಬಣವೆಯನ್ನು ತೆರೆದಾಗಲೂ ಅದೇ ಘಾಟು ಬರುತ್ತದೆ; ಆ ಹುಲ್ಲನ್ನು ಸ್ವಲ್ಪ ಹೊತ್ತು ಹೊರಗೆ ಆರಲು ಬಿಟ್ಟು ತಿನ್ನಿಸಬೇಕೆಂಬ ಸಲಹೆಯ ಕಾರಣವೂ ಅದೇ.

ಯಾವ ಹೊತ್ತಿನಲ್ಲಿ, ಯಾವ ಎತ್ತರದಲ್ಲಿ

ಘಾಟು ಯಾವಾಗ ಹೆಚ್ಚು ಎಂಬ ಒಂದೇ ಪ್ರಶ್ನೆ ಅರ್ಧ ದೋಷವನ್ನು ಬಿಡಿಸಿಕೊಡುತ್ತದೆ. ಬೆಳಗಿನ ಜಾವ ಮಾತ್ರ ತೀವ್ರವಾಗಿದ್ದು ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಮಾಯವಾದರೆ, ರಾತ್ರಿಯ ಚಳಿಗೋ ಸೊಳ್ಳೆಗೋ ಹೆದರಿ ಟಾರ್ಪಾಲು ಇಳಿಬಿಟ್ಟು ಗಾಳಿಯ ದಾರಿ ಮುಚ್ಚಲಾಗಿದೆ ಎಂದರ್ಥ. ಮಧ್ಯಾಹ್ನದ ಬಿಸಿಗೆ ಏರುವ ಘಾಟು ನೆಲದ ಮೇಲೆ ನಿಂತ ಗಂಜಲವನ್ನು ತೋರಿಸುತ್ತದೆ. ಮುಂಗಾರಿನ ಮೊದಲ ವಾರಗಳಲ್ಲಿ ಶುರುವಾದದ್ದಾದರೆ ಎರಡು ಸಾಧ್ಯತೆಗಳಿವೆ: ಒಂದು, ಹಸುಗಳ ಕಾಲಡಿಗೆ ಹರಡಿದ ಹಾಸು ಒದ್ದೆಯಾಗಿದೆ, ಇನ್ನೊಂದು, ಪ್ರೋಟೀನ್ ತುಂಬಿದ ಎಳೆ ಹಸಿಹುಲ್ಲು ಬಂದಿದ್ದರೂ ಹಿಂಡಿಯನ್ನು ಬೇಸಿಗೆಯ ಅಳತೆಯಲ್ಲೇ ಹಾಕಲಾಗುತ್ತಿದೆ. ಹೊಸ ಹಿಂಡಿ ಅಥವಾ ಬಿಯರ್ ಕಾರ್ಖಾನೆಯ ಧಾನ್ಯದ ಚರಟ ಶುರುಮಾಡಿದ ಮೂರ್ನಾಲ್ಕು ದಿನಗಳಲ್ಲಿ ಘಾಟು ಏರಿದ್ದರೆ ನೇರವಾಗಿ ಗೋದಲಿಯ ತಪಾಸಣೆಗೆ ಹೋಗಬಹುದು.

ಪರೀಕ್ಷೆಯನ್ನು ನಿಂತ ಮನುಷ್ಯನ ಮೂಗಿನ ಎತ್ತರದಲ್ಲಿ ಮಾಡಿದರೆ ಫಲವಿಲ್ಲ. ಅಮೋನಿಯಾ ಗಾಳಿಗಿಂತ ಹಗುರವೆಂಬುದು ನಿಜವಾದರೂ ಅದು ಹುಟ್ಟುವುದು ನೆಲದಲ್ಲಿ, ಹಾಗಾಗಿ ಗಾಳಿಯಾಡದ ಕೊಟ್ಟಿಗೆಯಲ್ಲಿ ಮಲಗಿದ ಕರುವಿನ ಮೂಗಿಗೆ ಸಿಗುವ ಪ್ರಮಾಣವೇ ಹೆಚ್ಚು. ಕರುಗಳ ಜಾಗದಲ್ಲಿ ಮಂಡಿಯೂರಿ ಕುಳಿತು ಪಟ್ಟಿ ಹಿಡಿಯಬೇಕು. ಎದ್ದಾಗ ಮಂಡಿ ಒದ್ದೆಯಾಗಿದ್ದರೆ ಹಾಸು ಸಾಲದು ಎಂಬ ಇನ್ನೊಂದು ಉತ್ತರವೂ ಅಲ್ಲೇ ಸಿಕ್ಕಿದಂತೆ.

ಗೋದಲಿಯಲ್ಲಿ ದೋಷ

ಎಲ್ಲ ಕಾರಣಗಳಲ್ಲಿ ಇದನ್ನೇ ಹೆಚ್ಚು ಗಮನದಿಂದ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಸುವಿನ ದೇಹದೊಳಗೇ ತಡೆದ ಸಾರಜನಕ ನಷ್ಟವು ನೆಲ, ಗುಂಡಿ, ಹೊಲ ಮೂರೂ ಕಡೆಗಳಲ್ಲಿ ಒಟ್ಟಿಗೆ ಉಳಿತಾಯವಾಗುತ್ತದೆ, ಮತ್ತು ಇದಕ್ಕೆ ಹೊಸ ಖರ್ಚಿಲ್ಲ; ಹೆಚ್ಚಿನ ಸಲ ಖರ್ಚು ಇಳಿಯುತ್ತದೆ.

ಹಸು ತಿಂದ ಸಾರಜನಕದಲ್ಲಿ ಹಾಲಿಗೆ ಸೇರುವುದು ಒಳ್ಳೆಯ ನಿರ್ವಹಣೆಯಲ್ಲೂ ನೂರಕ್ಕೆ 25ರಿಂದ 30 ಮಾತ್ರ. ಹೊಟ್ಟೆಯ ಮೊದಲ ಚೀಲವಾದ ರೂಮೆನ್‌ನಲ್ಲಿ ಪ್ರೋಟೀನ್ ಒಡೆದು ಅಮೋನಿಯಾ ಆಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳಿಗೆ ಅದೇ ಹೊತ್ತಿಗೆ ಪಿಷ್ಟದಂತಹ ಶಕ್ತಿಮೂಲ ಸಿಕ್ಕರೆ ಅವು ಅದನ್ನು ಮತ್ತೆ ಪ್ರೋಟೀನ್ ಆಗಿ ಕಟ್ಟುತ್ತವೆ. ಶಕ್ತಿ ಸಾಲದಾದರೆ ಹೆಚ್ಚುಳಿದ ಅಮೋನಿಯಾ ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಯೂರಿಯಾ ಆಗಿ, ಗಂಜಲದಲ್ಲಿ ಹೊರಬೀಳುತ್ತದೆ. ಅವಶ್ಯಕತೆಗಿಂತ ಹೆಚ್ಚಾದ ಪ್ರೋಟೀನ್ ಸಗಣಿಗಿಂತ ಗಂಜಲಕ್ಕೇ ಹೋಗುವುದರಿಂದ, ಅದು ಅಮೋನಿಯಾ ಆಗಲು ಅತ್ಯಂತ ಸುಲಭವಾದ ರೂಪದಲ್ಲಿ ನೆಲಕ್ಕೆ ಬೀಳುತ್ತದೆ.

ಒಂದು ಲೆಕ್ಕ ನೋಡೋಣ. ದಿನಕ್ಕೆ 12 ಲೀಟರ್ ಹಾಲು ಕೊಡುವ ಹಸು 13 ಕೆಜಿ ಒಣಾಂಶ (ನೀರಿನಂಶ ಕಳೆದ ಮೇವಿನ ತೂಕ) ತಿನ್ನುತ್ತದೆ, ಅದರಲ್ಲಿ ಕಚ್ಚಾ ಪ್ರೋಟೀನ್ (ಸಾರಜನಕದ ಅಳತೆಯಿಂದ ಲೆಕ್ಕ ಹಾಕಿದ ಪ್ರೋಟೀನ್) ನೂರಕ್ಕೆ 17 ಇದೆ ಎಂದುಕೊಂಡರೆ ಅದು ದಿನಕ್ಕೆ ಸುಮಾರು 350 ಗ್ರಾಂ ಸಾರಜನಕ ತಿಂದಂತಾಯಿತು. ಹಾಲಿನ ಪ್ರೋಟೀನ್ ಶೇಕಡಾ 3.3 ಇದ್ದರೆ ಹಾಲಿನಲ್ಲಿ ಹೊರಬರುವುದು ಸುಮಾರು 62 ಗ್ರಾಂ. ಅದೇ ಹಸುವಿಗೆ ಸಾಕಷ್ಟು ಶಕ್ತಿ ಕೊಟ್ಟು ಪ್ರೋಟೀನನ್ನು ಶೇಕಡಾ 14ಕ್ಕೆ ಇಳಿಸಿದರೆ ತಿನ್ನುವ ಸಾರಜನಕ ಸುಮಾರು 290 ಗ್ರಾಂ ಆಗುತ್ತದೆ, ಅಷ್ಟು ಹಾಲಿಗೆ ಅದು ಸಾಲುತ್ತದೆ. ದಿನಕ್ಕೆ 60 ಗ್ರಾಂನಂತೆ ವರ್ಷಕ್ಕೆ ಸುಮಾರು 22 ಕೆಜಿ ಸಾರಜನಕ, ಅಂದರೆ 45 ಕೆಜಿಯ ಒಂದು ಚೀಲ ಯೂರಿಯಾದಲ್ಲಿ ಇರುವುದಕ್ಕಿಂತ ಹೆಚ್ಚು, ಒಂದೇ ಹಸುವಿನ ಹಿಂದೆ ಉಳಿಯುತ್ತದೆ. ಹೆಚ್ಚು ಹಾಲು ಕೊಡುವ, ಈಗಷ್ಟೇ ಕರು ಹಾಕಿದ ಹಸುವಿಗೆ ಶೇಕಡಾ 16ರಿಂದ 17 ಬೇಕಾಗಬಹುದು. ಐದಾರು ಲೀಟರಿಗೆ ಇಳಿದ ಹಸುವಿಗೂ ಅದೇ ಅಳತೆ ಹಾಕುವುದು ನಮ್ಮಲ್ಲಿ ತೀರ ಸಾಮಾನ್ಯವಾದ ದೋಷ.

ಪರೀಕ್ಷಿಸುವ ವಿಧಾನ ಹೀಗೆ. ಒಂದು ದಿನ ತೂಕದ ಯಂತ್ರವಿಟ್ಟು ಹಿಂಡಿ, ಬೂಸಾ, ಹಸಿಮೇವು, ಒಣಹುಲ್ಲು ಪ್ರತಿಯೊಂದನ್ನೂ ತೂಗಬೇಕು. ಸೇರು, ಮಂಕರಿ, ಹೊರೆಗಳ ಲೆಕ್ಕ ಇಲ್ಲಿ ನಡೆಯದು. ಅಂದಾಜಿಗೆ, ಕಡಲೆಕಾಯಿ ಹಿಂಡಿಯಲ್ಲಿ ಕಚ್ಚಾ ಪ್ರೋಟೀನ್ ನೂರಕ್ಕೆ 40ಕ್ಕೂ ಹೆಚ್ಚು, ಚೀಲದ ಪಶು ಆಹಾರದಲ್ಲಿ 20ರಿಂದ 22, ಗೋಧಿ ಬೂಸಾದಲ್ಲಿ 14ರಿಂದ 16, ಮುಸುಕಿನ ಜೋಳದ ಕಾಳಿನಲ್ಲಿ 9, ನೇಪಿಯರ್ ಹುಲ್ಲಿನ ಒಣಾಂಶದಲ್ಲಿ 8ರಿಂದ 10, ಕುದುರೆ ಮೆಂತ್ಯದಲ್ಲಿ 18ರಿಂದ 20, ರಾಗಿ ಹುಲ್ಲಿನಲ್ಲಿ 3ರಿಂದ 4 ಇರುತ್ತದೆ. ಕಡಲೆಕಾಯಿ ಹಿಂಡಿ, ಕುದುರೆ ಮೆಂತ್ಯ, ಅಜೋಲಾ (ನೀರಿನಲ್ಲಿ ಬೆಳೆಸುವ ಮೇವು) ಮೂರನ್ನೂ ಒಟ್ಟಿಗೆ ಹಾಕುತ್ತಿದ್ದು ಜೋಳ ಅಥವಾ ರಾಗಿಯ ಹಿಟ್ಟು ಇಲ್ಲದಿದ್ದರೆ ದೋಷ ಇಲ್ಲೇ ಇದೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ‘ಪಶು ಪೋಷಣ್’ ಆ್ಯಪ್‌ನಿಂದ ಸಮತೋಲನ ಆಹಾರದ ಲೆಕ್ಕ ಹಾಕಬಹುದು.

ಹಾಲೇ ಒಂದು ಪರೀಕ್ಷಾ ವಸ್ತು ಎಂಬುದು ಇಲ್ಲಿನ ದೊಡ್ಡ ಅನುಕೂಲ. ರಕ್ತದಲ್ಲಿ ಯೂರಿಯಾ ಏರಿದರೆ ಹಾಲಿನಲ್ಲೂ ಏರುತ್ತದೆ. ಹಾಲಿನ ಯೂರಿಯಾ ಅಳೆಯುವ ಸೌಲಭ್ಯವಿರುವ ಪ್ರಯೋಗಾಲಯಕ್ಕೆ ಮಾದರಿ ಕೊಟ್ಟರೆ ಫಲಿತಾಂಶವು ಯೂರಿಯಾ ಸಾರಜನಕದ ರೂಪದಲ್ಲಿ ಬರಬಹುದು, ಅಥವಾ ಯೂರಿಯಾ ಎಂದೇ ಬರಬಹುದು. ಇವೆರಡನ್ನು ಗೊಂದಲ ಮಾಡಿಕೊಳ್ಳಬಾರದು, ಮೊದಲನೆಯದನ್ನು 2.14ರಿಂದ ಗುಣಿಸಿದರೆ ಎರಡನೆಯದು ಸಿಗುತ್ತದೆ. ಯೂರಿಯಾ ಸಾರಜನಕ 100 ಮಿಲೀ ಹಾಲಿಗೆ ಸುಮಾರು 10ರಿಂದ 14 ಮಿಲಿಗ್ರಾಂ ಇದ್ದರೆ ಆಹಾರ ಸರಿಯಾಗಿದೆ ಎನ್ನಬಹುದು. 16 ದಾಟಿದರೆ ಪ್ರೋಟೀನ್ ವ್ಯರ್ಥವಾಗುತ್ತಿದೆ. 8ಕ್ಕಿಂತ ಕೆಳಗಿಳಿದರೆ ಪ್ರೋಟೀನ್ ಕೊರತೆ ಇರಬಹುದು, ಇಂಥಲ್ಲಿ ಹಿಂಡಿ ಕಡಿತಗೊಳಿಸಬಾರದು. ಯೂರಿಯಾ ಹೆಚ್ಚಾಗಿದ್ದು ಹಾಲಿನ ಪ್ರೋಟೀನ್ ಕಡಿಮೆಯಿದ್ದರೆ ಹಿಂಡಿ ತಗ್ಗಿಸುವ ಮೊದಲು ಜೋಳದ ಹಿಟ್ಟು ಸೇರಿಸಬೇಕು, ಏಕೆಂದರೆ ಅಲ್ಲಿ ಕೊರತೆಯಿರುವುದು ಶಕ್ತಿಯದು. ಒಂದು ಹಸುವಿನ ಒಂದು ಮಾದರಿಯಿಂದ ತೀರ್ಮಾನಕ್ಕೆ ಬರದೆ ಎಲ್ಲ ಹಸುಗಳ ಮಿಶ್ರ ಹಾಲನ್ನು ಎರಡು ಮೂರು ಸಲ ಪರೀಕ್ಷಿಸುವುದು ಕ್ಷೇಮ.

ಪ್ರಯೋಗಾಲಯ ದೂರವಿದ್ದಲ್ಲಿ ಸಗಣಿಯನ್ನು ನೋಡಬೇಕು. ಹೊಳಪಿನಿಂದ ಕೂಡಿ ನೀರಾಗಿ ಹರಡುವ ಸಗಣಿ, ಜೊತೆಗೆ ಹಿಂದಿಗಿಂತ ಹೆಚ್ಚು ಗಂಜಲ, ಹೆಚ್ಚು ನೀರು ಕುಡಿಯುವುದು, ಇವು ಪ್ರೋಟೀನ್ ಮಿತಿಮೀರಿದ ಸೂಚನೆಗಳು; ರೋಗದ ಬೇರೆ ಲಕ್ಷಣಗಳಿದ್ದರೆ ಪಶುವೈದ್ಯರನ್ನು ಕೇಳದೆ ಆಹಾರ ಬದಲಿಸಬಾರದು. ಬದಲಾವಣೆಯನ್ನು ಒಂದೇ ದಿನದಲ್ಲಿ ಮಾಡದೆ ಹತ್ತು ದಿನಗಳಲ್ಲಿ ಹಂತಹಂತವಾಗಿ ಮಾಡಿ, ಹಾಲಿನ ಅಳತೆಯನ್ನು ದಿನವೂ ಬರೆದಿಡಬೇಕು.

ನೆಲದಲ್ಲಿ ದೋಷ

ಒಂದು ಬಕೆಟ್ ನೀರನ್ನು ಹಸುವಿನ ಹಿಂಗಾಲಿನ ಜಾಗದಲ್ಲಿ ಸುರಿದು ನೋಡುವುದಕ್ಕಿಂತ ಉತ್ತಮ ಪರೀಕ್ಷೆ ಇಲ್ಲ. ನೀರು ಚರಂಡಿಗೆ ನೇರವಾಗಿ ಹರಿದರೆ ಇಳಿಜಾರು ಸರಿಯಿದೆ. ಅಲ್ಲಲ್ಲಿ ನಿಂತರೆ ಅಲ್ಲಲ್ಲೇ ಗಂಜಲವೂ ನಿಲ್ಲುತ್ತಿದೆ. 40ರಿಂದ 60 ಅಡಿಗೆ ಒಂದು ಅಡಿಯಂತೆ ಇಳಿಜಾರು ಸಾಕು. ಅದಕ್ಕಿಂತ ಹೆಚ್ಚಾದರೆ ಹಸುವಿನ ಕಾಲಿಗೆ ತ್ರಾಸ. ಗುಂಡಿ ಬಿದ್ದ ಸಿಮೆಂಟು, ಗೊರಸಿನಿಂದ ಸವೆದ ಜಾಗ, ಸಗಣಿ ಕಟ್ಟಿಕೊಂಡ ಚರಂಡಿ ಇವನ್ನು ಮೊದಲು ಸರಿಪಡಿಸಬೇಕು.

ರಬ್ಬರ್ ಮ್ಯಾಟ್ ಹಾಕಿದಲ್ಲಿ ಅದರ ಕೆಳಗೆ ನೋಡದೆ ತಪಾಸಣೆ ಮುಗಿಯುವುದಿಲ್ಲ. ಮೇಲಿನಿಂದ ಸ್ವಚ್ಛವಾಗಿ ಕಾಣುವ ಮ್ಯಾಟಿನ ಅಡಿಯಲ್ಲಿ ಗಂಜಲ ಮತ್ತು ಸಗಣಿಯ ಪಸೆ ದಿನಗಟ್ಟಲೆ ಬೆಚ್ಚಗೆ ಕುಳಿತಿರುತ್ತದೆ. ಎರಡು ಮ್ಯಾಟುಗಳು ಕೂಡುವ ಸಂದಿಯಲ್ಲಿ ಪಿಎಚ್ ಪಟ್ಟಿ ಹಿಡಿದರೆ ತಿಳಿಯುತ್ತದೆ. ವಾರಕ್ಕೊಮ್ಮೆಯಾದರೂ ಎತ್ತಿ ತೊಳೆದು ಒಣಗಿಸಿ ಹಾಸಬೇಕು.

ಸ್ವಚ್ಛಗೊಳಿಸುವ ಕ್ರಮದಲ್ಲೂ ತಪ್ಪು ನಡೆಯುತ್ತದೆ. ಹಾರೆಯಿಂದಲೋ ಪೊರಕೆಯಿಂದಲೋ ಸಗಣಿಯನ್ನು ಗಂಜಲದ ಜೊತೆ ನೆಲಕ್ಕೆಲ್ಲ ಸವರಿದರೆ ಕಿಣ್ವಕ್ಕೂ ಯೂರಿಯಾಗೂ ನಾವೇ ಜೋಡಿ ಹಾಕಿಕೊಟ್ಟಂತೆ. ಮೊದಲು ಗಂಜಲ ಹರಿದುಹೋಗಲು ಬಿಡಬೇಕು, ಬಳಿಕ ಸಗಣಿಯನ್ನು ಗಟ್ಟಿಯಾಗಿ ಎತ್ತಬೇಕು, ಕೊನೆಗೆ ಸ್ವಲ್ಪ ನೀರಿನಿಂದ ಪಸೆ ತೊಳೆಯಬೇಕು. ದಿನಕ್ಕೆ ಎರಡು ಸಲ ಮಾಡುವುದನ್ನು ಮೂರು ನಾಲ್ಕು ಸಲಕ್ಕೆ ಏರಿಸಿದರೆ ಬೇಸಿಗೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣುತ್ತದೆ. ಆದರೆ ಮೋಟಾರು ಹಾಕಿ ಎಲ್ಲವನ್ನೂ ಒಂದೇ ಚರಂಡಿಗೆ ನೂಕುವುದರಿಂದ ಸಗಣಿ ಮತ್ತು ಗಂಜಲ ಕಲಸಿದ ತೆಳು ಬಗ್ಗಡವೇ ಹೆಚ್ಚಾಗಿ, ಗುಂಡಿಯ ತೊಂದರೆ ಹುಟ್ಟುತ್ತದೆ. ಚರಂಡಿಯ ಗಂಜಲವನ್ನು ಮುಚ್ಚಳವಿರುವ ಡ್ರಮ್ಮಿಗೆ ಬೇರೆಯಾಗಿ ಹಿಡಿಯುವ ವ್ಯವಸ್ಥೆಗೆ ಖರ್ಚು ಸ್ವಲ್ಪವೇ; ಜೀವಾಮೃತವೆಂಬ ದ್ರವ ಗೊಬ್ಬರಕ್ಕೆಂದು ಗಂಜಲ ಸಂಗ್ರಹಿಸುವವರಲ್ಲಿ ಇದು ಹೇಗೂ ಇರುತ್ತದೆ, ಮುಚ್ಚಳ ಮಾತ್ರ ಇರುವುದಿಲ್ಲ.

ಹಾಸಿನ ವಿಷಯದಲ್ಲಿ ಮಲೆನಾಡಿನ ಹಳೆಯ ಪದ್ಧತಿಗೆ ಗಟ್ಟಿಯಾದ ವಿಜ್ಞಾನದ ಆಧಾರವಿದೆ. ಉತ್ತರ ಕನ್ನಡ ಮತ್ತು ಶಿವಮೊಗ್ಗದ ಕಡೆ ಸೊಪ್ಪಿನ ಬೆಟ್ಟದಿಂದ ಮಳೆಗಾಲದಲ್ಲಿ ಹಸಿ ಸೊಪ್ಪನ್ನೂ ಬೇಸಿಗೆಯಲ್ಲಿ ದರಕನ್ನೂ (ಉದುರಿದ ಒಣ ಎಲೆ) ತಂದು ದಿನವೂ ಹಸುಗಳ ಕಾಲಡಿಗೆ ಹಾಸಿ, ಅದನ್ನು ಗೊಬ್ಬರದ ಗುಂಡಿಗೆ ಸೇರಿಸಿ, ಅಡಿಕೆ ತೋಟಕ್ಕೆ ಒಯ್ಯುವ ಕ್ರಮವಿದೆ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದು ಗಂಜಲವನ್ನು ಹೀರುವುದಲ್ಲದೆ, ಎಲೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಬೆಳವಣಿಗೆಗೆ ಗಂಜಲದ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳುತ್ತವೆ. ಕೂಲಿಯ ಅಭಾವದಿಂದ ಸೊಪ್ಪು ತರುವುದು ನಿಂತು ಬರಿಯ ಸಿಮೆಂಟು ಉಳಿದಲ್ಲಿ ಘಾಟು ಹೆಚ್ಚಾದದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಅಡಿಕೆ ಸಿಪ್ಪೆಯ ಪುಡಿ, ತಿಪಟೂರು ಮತ್ತು ಅರಸೀಕೆರೆಯ ಕಡೆ ಸಿಗುವ ತೆಂಗಿನ ನಾರಿನ ಪುಡಿ, ಮಂಡ್ಯದ ಕಬ್ಬಿನ ತರಗು ಇವೂ ಆಗಬಹುದು. ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರುತ್ತದೆ, ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯವೂ ಆಗಿರುತ್ತದೆ. ಭತ್ತದ ಹೊಟ್ಟು ಸುಲಭವಾಗಿ ಸಿಕ್ಕರೂ ಹೀರುವ ಶಕ್ತಿ ಸಾಲದು. ಯಾವುದನ್ನು ಹಾಸಿದರೂ ಒದ್ದೆಯಾದದ್ದನ್ನು ದಿನವೂ ತೆಗೆದು ಒಣಗಿದ್ದನ್ನು ಹಾಕದಿದ್ದರೆ, ಕೆಚ್ಚಲು ಬಾವಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ.

ಸುಣ್ಣ ಮತ್ತಿತರ ತಪ್ಪು ಮದ್ದುಗಳು

ಕ್ರಿಮಿ ನಾಶಕ್ಕೆಂದು ಒದ್ದೆ ನೆಲದ ಮೇಲೆ ಸುಣ್ಣದ ಪುಡಿ ಎರಚುವ ರೂಢಿ ವ್ಯಾಪಕವಾಗಿದೆ. ಸುಣ್ಣ ಪ್ರಬಲ ಕ್ಷಾರ. ಗಂಜಲದ ಪಿಎಚ್ಚನ್ನು ಏರಿಸಿ, ನೀರಿನಲ್ಲಿ ಕರಗಿದ್ದ ಅಮೋನಿಯಂ ಅನ್ನು ಒಮ್ಮೆಗೇ ಅನಿಲವಾಗಿ ಎಬ್ಬಿಸುತ್ತದೆ. ಸುಣ್ಣ ಹಾಕಿದ ದಿನವೇ ಕಣ್ಣುರಿ ಹೆಚ್ಚಾಗುತ್ತಿದ್ದರೆ ಕಾರಣ ಸ್ಪಷ್ಟ. ಒಲೆಯ ಬೂದಿಯೂ ಇದೇ ಕೆಲಸ ಮಾಡುತ್ತದೆ. ಸುಣ್ಣ ಬಳಿಯುವುದೇ ಆದರೆ ಗೋಡೆಗೆ ಬಳಿಯಬೇಕು, ಇಲ್ಲವೇ ಕೊಟ್ಟಿಗೆಯನ್ನು ಪೂರ್ತಿ ತೊಳೆದು ಒಣಗಿಸಿ ಹಸುಗಳಿಲ್ಲದಾಗ ನೆಲಕ್ಕೆ ಬಳಸಬೇಕು.

ಬ್ಲೀಚಿಂಗ್ ಪೌಡರನ್ನು ಗಂಜಲ ನಿಂತ ನೆಲಕ್ಕೆ ಹಾಕುವುದು ಇನ್ನೂ ಅಪಾಯಕರ. ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಕ್ಲೋರಮೈನ್ ಎಂಬ ವಿಷಾನಿಲ ಹುಟ್ಟುತ್ತದೆ. ಫಿನಾಯಿಲ್ ಘಾಟನ್ನು ಮರೆಮಾಡುತ್ತದೆ ಅಷ್ಟೆ. ತಪಾಸಣೆಯ ದಿನಗಳಲ್ಲಿ ಅದನ್ನು ಬಳಸದಿದ್ದರೆ ಮೂಲ ಪತ್ತೆ ಹಚ್ಚುವುದು ಸುಲಭ. ಡೆನ್ಮಾರ್ಕಿನಲ್ಲಿ ಬಗ್ಗಡಕ್ಕೆ ಗಂಧಕಾಮ್ಲ ಸೇರಿಸಿ ಪಿಎಚ್ ಇಳಿಸುವ ಯಂತ್ರ ವ್ಯವಸ್ಥೆಗಳಿವೆ. ಅದು ತರಬೇತಿ ಪಡೆದವರು ನಡೆಸುವ ಕಾರ್ಖಾನೆ ಮಟ್ಟದ ಕೆಲಸ. ಮನೆಯ ಕೊಟ್ಟಿಗೆಯಲ್ಲಿ ಆಮ್ಲ ಸುರಿಯುವ ಪ್ರಯತ್ನ ಯಾರೂ ಮಾಡಬಾರದು.

ಗಾಳಿ

ಗೋಡೆ ನಾಲ್ಕೈದು ಅಡಿಗಿಂತ ಎತ್ತರವಿದ್ದರೆ, ಮಾಡಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗುವ ಸಂದಿ ಇಲ್ಲದಿದ್ದರೆ, ಒಳಗೆ ಅನಿಲ ನಿಲ್ಲುತ್ತದೆ. ಮಾಡಿನ ಒಳಮೈಯಲ್ಲಿ ಬೆಳಗಿನ ಹೊತ್ತು ನೀರ ಹನಿ ಕಟ್ಟಿರುವುದು, ಹೆಂಚಿನ ಅಡಿಯ ಮರ ಮತ್ತು ತಗಡಿನ ಮೊಳೆಗಳು ಬೇಗ ಹಾಳಾಗುವುದು ಇದರ ಗುರುತು. ಟಾರ್ಪಾಲನ್ನು ಮೇಲಿನ ಒಂದೂವರೆ ಅಡಿ ಬಿಟ್ಟು ಕೆಳಗೆ ಕಟ್ಟಿದರೆ ಚಳಿಗಾಳಿಯೂ ತಡೆಯುತ್ತದೆ, ಅನಿಲವೂ ಹೋಗುತ್ತದೆ. ಹಸುಗಳ ಆರೋಗ್ಯಕ್ಕೆ ಇದನ್ನು ತಕ್ಷಣ ಮಾಡಬೇಕು, ಆದರೆ ಇದರಿಂದ ದೋಷ ಸರಿಹೋಯಿತೆಂದು ಭಾವಿಸಬಾರದು.

ಗುಂಡಿಯಲ್ಲಿ ಮತ್ತು ಬಗ್ಗಡದಲ್ಲಿ ದೋಷ

ಗುಂಡಿಯಲ್ಲಿ ಒಂದು ಅಡಿ ಆಳಕ್ಕೆ ಕೆದಕಿ, ಒಂದು ಹಿಡಿ ಗೊಬ್ಬರವನ್ನು ಕೈಗವಸು ತೊಟ್ಟು ಹಿಂಡಿ ನೋಡಬೇಕು. ನೀರು ತೊಟ್ಟಿಕ್ಕಿದರೆ ತೇವ ಹೆಚ್ಚು. ಘಾಟು ಹೊಡೆದರೆ ಇಂಗಾಲ ಕಡಿಮೆ. ಇಂಗಾಲ ಮತ್ತು ಸಾರಜನಕದ ಅನುಪಾತ 25ರಿಂದ 30ಕ್ಕೆ 1 ಇದ್ದರೆ ಕೊಳೆಯುವ ಜೀವಿಗಳು ಸಾರಜನಕವನ್ನು ಬಿಟ್ಟುಕೊಡುವುದಿಲ್ಲ. ಬರಿಯ ಸಗಣಿ ಮತ್ತು ಗಂಜಲದಲ್ಲಿ ಅದು ಇದಕ್ಕಿಂತ ಬಹಳ ಕೆಳಗಿರುತ್ತದೆ, ಆದ್ದರಿಂದ ಒಣ ತರಗೆಲೆ, ತೊಗರಿ ಹೊಟ್ಟು, ಗೋದಲಿಯಲ್ಲಿ ಉಳಿದ ಕಡ್ಡಿ ಇವುಗಳನ್ನು ಪದರಪದರವಾಗಿ ಸೇರಿಸಬೇಕು. ಗುಂಡಿ ತುಂಬಿದ ಮೇಲೆ ಮಣ್ಣು ಮತ್ತು ಸಗಣಿ ಕಲಸಿ ಮೆತ್ತಿ ಮುಚ್ಚಿದರೆ ನಷ್ಟ ಬಹಳ ಇಳಿಯುತ್ತದೆ. ಬಿಸಿಲಿಗೆ ನೆರಳು, ಮಳೆಗೆ ಮಾಡು ಎರಡೂ ಬೇಕು. ಪದೇಪದೇ ತಿರುವಿ ಹಾಕುವುದರಿಂದ ಗೊಬ್ಬರ ಬೇಗ ಮಾಗಬಹುದು, ಆದರೆ ಪ್ರತಿ ಸಲವೂ ಒಂದಿಷ್ಟು ಅಮೋನಿಯಾ ಎದ್ದುಹೋಗುತ್ತದೆ.

ಸಗಣಿಯ ಪದರದ ಮೇಲೆ ಸಿಂಗಲ್ ಸೂಪರ್ ಫಾಸ್ಫೇಟ್ ತೆಳುವಾಗಿ ಉದುರಿಸುವುದು ನಮ್ಮಲ್ಲಿ ಹಿಂದಿನಿಂದಲೂ ಕೊಡಲಾಗುತ್ತಿರುವ ಒಳ್ಳೆಯ ಸಲಹೆ. ಅದರಲ್ಲಿರುವ ಆಮ್ಲಾಂಶ ಮತ್ತು ಜಿಪ್ಸಮ್ ಅಮೋನಿಯಾವನ್ನು ಹಿಡಿದಿಡುತ್ತವೆ, ರಂಜಕವೂ ಸೇರುತ್ತದೆ. ಇದನ್ನು ಗಟ್ಟಿ ಗೊಬ್ಬರದ ಗುಂಡಿಗೆ ಮಾತ್ರ ಬಳಸಬೇಕು. ನೀರಾದ ಬಗ್ಗಡದ ಗುಂಡಿಗೋ ಗೋಬರ್ ಗ್ಯಾಸ್ ಘಟಕಕ್ಕೋ ಜಿಪ್ಸಮ್ ಹೋದರೆ ಗಾಳಿಯಿಲ್ಲದ ಸ್ಥಿತಿಯಲ್ಲಿ ಅದರ ಗಂಧಕದಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ.

ಗೋಬರ್ ಗ್ಯಾಸ್ ಇರುವ ಮನೆಗಳಲ್ಲಿ ಒಂದು ವಿಶೇಷ ದೋಷವನ್ನು ನೋಡಬೇಕು. ಘಟಕದಿಂದ ಹೊರಬರುವ ಬಗ್ಗಡದಲ್ಲಿ ಹಸಿ ಸಗಣಿಗಿಂತ ಅಮೋನಿಯಂ ರೂಪದ ಸಾರಜನಕ ಹೆಚ್ಚಾಗಿರುತ್ತದೆ, ಪಿಎಚ್ ಕೂಡ ಏರಿರುತ್ತದೆ. ಬೆಳೆಗೆ ಬೇಗ ಒದಗುವ ಗುಣವೇ ಗಾಳಿಗೆ ಬೇಗ ಹಾರುವ ಗುಣವೂ ಆಗಿದೆ. ಅದನ್ನು ಅಂಗಳದಲ್ಲಿ ಹರಡಿ ಬಿಸಿಲಿಗೆ ಒಣಗಿಸಿ ಸಾಗಿಸುವವರು ಆ ಅಮೋನಿಯಂನ ಬಹುಪಾಲನ್ನು ಅಲ್ಲೇ ಕಳೆದುಕೊಳ್ಳುತ್ತಾರೆ. ಹಸಿಯಾಗಿಯೇ ತೋಟಕ್ಕೆ ಹರಿಸುವುದು, ಅದು ಸಾಧ್ಯವಿಲ್ಲದಿದ್ದರೆ ತರಗೆಲೆ ತುಂಬಿದ ಗುಂಡಿಗೆ ಹೀರಿಸುವುದು ಸರಿಯಾದ ಮಾರ್ಗ. ಬಗ್ಗಡದ ತೊಟ್ಟಿಯ ಮೇಲೆ ಕೆನೆಗಟ್ಟಿದಂತೆ ಒಣ ಪದರ ಕಟ್ಟಿದ್ದರೆ ಅದನ್ನು ಕಲಕಬಾರದು, ಅದೇ ಒಂದು ಮುಚ್ಚಳ.

ಹೊಲದಲ್ಲಿ ದೋಷ

ಬೇಸಿಗೆಯಲ್ಲಿ ಗೊಬ್ಬರವನ್ನು ಹೊಲದಲ್ಲಿ ಗುಪ್ಪೆಗಳಾಗಿ ಸುರಿದು ಮಳೆ ಬಂದಾಗ ಹರಡಿದರಾಯಿತೆಂದು ವಾರಗಟ್ಟಲೆ ಬಿಡುವುದು, ಅಥವಾ ಹರಡಿ ಉಳದೆ ಬಿಡುವುದು, ಇಲ್ಲಿನ ಸಾಮಾನ್ಯ ತಪ್ಪು. ಮೇಲ್ಮೈಯಲ್ಲಿ ಬಿದ್ದ ಬಗ್ಗಡದಿಂದ ನಷ್ಟವು ಮೊದಲ ಕೆಲವು ಗಂಟೆಗಳಲ್ಲೇ ಅತಿ ಹೆಚ್ಚು. ಹರಡಿದ ದಿನವೇ ಉತ್ತು ಮಣ್ಣಿಗೆ ಸೇರಿಸಬೇಕು. ತೋಟದಲ್ಲಿ ಉಳಲಾಗದಿದ್ದರೆ ಸಂಜೆಯ ತಂಪಿನಲ್ಲಿ ಬಗ್ಗಡ ಬಿಟ್ಟು, ಬುಡದ ಹೊದಿಕೆಯನ್ನು ಸರಿಸಿ ಅದರ ಕೆಳಗೆ ಹೋಗುವಂತೆ ಮಾಡಿ, ಮೇಲೆ ಹಗುರಾಗಿ ನೀರು ಕೊಡಬೇಕು.

ಸರಿಹೋಯಿತೇ ಎಂದು ಪರೀಕ್ಷಿಸುವುದು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಯಾವುದು ಫಲಿಸಿತೆಂದು ತಿಳಿಯುತ್ತದೆ. ಚರಂಡಿ, ಮ್ಯಾಟು ಮತ್ತು ಹಾಸಿನ ಫಲ ಮರುದಿನವೇ ಗೊತ್ತಾಗುತ್ತದೆ. ಆಹಾರದ ಬದಲಾವಣೆಯ ಫಲ ಹಾಲಿನ ಯೂರಿಯಾದಲ್ಲಿ ಒಂದು ವಾರದೊಳಗೆ ಕಾಣಿಸಿಕೊಂಡರೂ ಕೊಟ್ಟಿಗೆಯ ಗಾಳಿಯಲ್ಲಿ ತಿಳಿಯಲು ಹಳೆಯ ಪಸೆಯೆಲ್ಲ ತೊಳೆದುಹೋಗಬೇಕು. ಗುಂಡಿಯ ಫಲ ಗೊಬ್ಬರ ಎತ್ತುವಾಗಲಷ್ಟೇ ಗೊತ್ತಾಗುವುದು. ಪಿಎಚ್ ಪಟ್ಟಿಯ ಪರೀಕ್ಷೆಯನ್ನು ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ, ಕರುವಿನ ಮೂಗಿನ ಎತ್ತರದಲ್ಲಿ, ಟಾರ್ಪಾಲು ಎಂದಿನಂತೆ ಇರುವಾಗಲೇ ಮಾಡಬೇಕು. ಇವೆಲ್ಲ ಆದ ಮೇಲೂ ಘಾಟು ಇಳಿಯದಿದ್ದರೆ ಜಾಗ ಅಳೆಯಬೇಕು: ಒಂದು ಹಸುವಿಗೆ ಮಾಡಿನಡಿ ಸುಮಾರು 3.5 ಚದರ ಮೀಟರ್, ಅದರ ಜೊತೆಗೆ ಬಯಲಿನಲ್ಲಿ 7 ಚದರ ಮೀಟರ್ ಇರಬೇಕು. ಅಷ್ಟಿಲ್ಲದಲ್ಲಿ ಹಗಲು ಹಸುಗಳನ್ನು ಬೇಲಿ ಹಾಕಿದ ಮಣ್ಣಿನ ಅಂಗಳಕ್ಕೆ ಬಿಟ್ಟರೆ ಗಂಜಲ ಒಂದು ಕಡೆ ಮಣ್ಣಿಗೆ ಇಂಗುತ್ತದೆ, ಸಗಣಿ ಇನ್ನೊಂದು ಕಡೆ ಬಿದ್ದು ಒಣಗುತ್ತದೆ, ಸಿಮೆಂಟು ನೆಲಕ್ಕೆ ದಿನದ ಅರ್ಧ ಹೊತ್ತು ಒಣಗಲು ಬಿಡುವು ಸಿಗುತ್ತದೆ.